ಕಾರಿನಲ್ಲಿ ಧ್ವನಿವ್ಯವಸ್ಥೆ ಮತ್ತು ದೂರವಾಣಿ: ಆಯ್ಕೆ, ಬಳಕೆ ಹಾಗೂ ಮಾಲೀಕನ ಹೊಣೆ

ವ್ಯಾಪಾರ ಮತ್ತು ಉದ್ಯಮಗಳಲ್ಲಿ ತೊಡಗಿರುವವರ ಕೆಲಸದ ದಿನದ ಗಣನೀಯ ಭಾಗವು ಇಂದು ರಸ್ತೆಯ ಮೇಲೆಯೇ ಕಳೆಯುತ್ತದೆ. ಪೀಣ್ಯದ ಕಾರ್ಖಾನೆಯಿಂದ ನಗರದ ಬ್ಯಾಂಕಿಗೆ, ಹುಬ್ಬಳ್ಳಿಯ ಮಳಿಗೆಯಿಂದ ದಾವಣಗೆರೆಯ ಗಿರಾಕಿಯ ಬಳಿಗೆ ಸಾಗುವ ಕಾರು ಕೇವಲ ವಾಹನವಾಗಿ ಉಳಿಯದೆ ಚಲಿಸುವ ಕಚೇರಿಯಾಗಿ ಪರಿಣಮಿಸಿದೆ. ಈ ಕಚೇರಿಗೆ ಬೇಕಾದ ಸಂಗೀತ ಸಾಧನ, ಸ್ಪೀಕರ್, ದೂರವಾಣಿ ಜೋಡಣೆ ಇತ್ಯಾದಿಗಳನ್ನು ಕೊಳ್ಳುವಾಗ ಹೆಚ್ಚಿನವರು ಗಮನಿಸುವುದು ಪರದೆಯ ಗಾತ್ರವನ್ನು, ಪೆಟ್ಟಿಗೆಯ ಮೇಲೆ ಮುದ್ರಿಸಿದ ವ್ಯಾಟ್‌ಗಳನ್ನು ಮತ್ತು ಅಂಗಡಿಯವರು ನೀಡುವ ರಿಯಾಯಿತಿಯನ್ನು. ಚಾಲಕನ ಕಣ್ಣು, ಕೈ ಮತ್ತು ಮನಸ್ಸನ್ನು ಈ ಸಾಧನವು ರಸ್ತೆಯಿಂದ ಎಷ್ಟರಮಟ್ಟಿಗೆ ಬೇರೆಡೆಗೆ ಸೆಳೆಯುತ್ತದೆ ಎಂಬ ಪ್ರಶ್ನೆಯನ್ನು ಕೇಳುವವರು ವಿರಳ. ವಾಸ್ತವದಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ ಅದೇ ಆಗಿದೆ.

ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ಅಂಕಿ ಅಂಶಗಳಂತೆ 2022ನೇ ಇಸವಿಯಲ್ಲಿ ದೇಶದಲ್ಲಿ 4,61,312 ರಸ್ತೆ ಅಪಘಾತಗಳು ಸಂಭವಿಸಿ 1,68,491 ಮಂದಿ ಪ್ರಾಣ ಕಳೆದುಕೊಂಡರು. ಇವುಗಳಿಗೆ ಕಾರಣಗಳು ಹಲವು. ಆದರೆ ಚಾಲಕನ ಗಮನವು ಕ್ಷಣಕಾಲ ತಪ್ಪುವುದು ಉದ್ಯಮಿಯು ತನ್ನ ಮಟ್ಟದಲ್ಲಿಯೇ, ಹೆಚ್ಚಿನ ವೆಚ್ಚವಿಲ್ಲದೆ ತಡೆಯಬಹುದಾದ ಕಾರಣವಾಗಿದೆ.

ನಡೆದುಬಂದ ದಾರಿ

ಕಾರು ಮತ್ತು ಧ್ವನಿಯ ಸಂಬಂಧ ಹೊಸದೇನಲ್ಲ. ಅಮೆರಿಕದ ಗಾಲ್ವಿನ್ ಸಹೋದರರ ಸಂಸ್ಥೆಯು 1930ರಲ್ಲಿ ಕಾರಿಗೆ ಅಳವಡಿಸಬಹುದಾದ ರೇಡಿಯೊವನ್ನು ಮಾರುಕಟ್ಟೆಗೆ ತಂದು ಅದಕ್ಕೆ ಮೋಟೊರೋಲಾ ಎಂದು ಹೆಸರಿಟ್ಟಿತು. ಮುಂದೆ ಆ ಹೆಸರೇ ಸಂಸ್ಥೆಯ ಹೆಸರಾಯಿತು. 1946ರ ಜೂನ್ ತಿಂಗಳಲ್ಲಿ ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ ಕಾರಿನ ದೂರವಾಣಿ ಸೇವೆ ಆರಂಭಗೊಂಡಿತು. ಫಿಲಿಪ್ಸ್ ಸಂಸ್ಥೆ 1963ರಲ್ಲಿ ಪರಿಚಯಿಸಿದ ಕ್ಯಾಸೆಟ್ ಮತ್ತು 1980ರ ದಶಕದಲ್ಲಿ ಬಂದ ಸಿ.ಡಿ. ಎರಡೂ ಕಾರಿನೊಳಗೆ ಸ್ಥಾನ ಪಡೆದು ಕಾಲಕ್ರಮೇಣ ತೆರೆಮರೆಗೆ ಸರಿದವು. ನಮ್ಮ ದೇಶದಲ್ಲಿ ಮೊಬೈಲ್ ದೂರವಾಣಿಯ ಮೊದಲ ಕರೆ ನಡೆದದ್ದು 1995ರ ಜುಲೈ 31ರಂದು. ದೇಶದ ಮೊದಲ ಖಾಸಗಿ ಎಫ್.ಎಂ. ಕೇಂದ್ರ 2001ರ ಜುಲೈನಲ್ಲಿ ಬೆಂಗಳೂರಿನಲ್ಲಿಯೇ ಪ್ರಸಾರ ಆರಂಭಿಸಿತು. ಇಂದು ಹರ್ಮನ್, ಬಾಷ್, ಮರ್ಸಿಡಿಸ್-ಬೆಂಜ್ ಮೊದಲಾದ ಸಂಸ್ಥೆಗಳ ತಂತ್ರಾಂಶ ಅಭಿವೃದ್ಧಿ ಕೇಂದ್ರಗಳು ಬೆಂಗಳೂರಿನಲ್ಲಿವೆ. ಜೆ.ಸಿ. ರಸ್ತೆಯಂತಹ ಸ್ಥಳಗಳಲ್ಲಿ ಕಾರು ಪರಿಕರಗಳ ವ್ಯಾಪಾರವು ಅನೇಕ ಕುಟುಂಬಗಳಿಗೆ ಜೀವನಾಧಾರವಾಗಿದೆ. ಆದ್ದರಿಂದ ಈ ವಿಷಯವು ಕೊಳ್ಳುವವರಿಗೆ ಮಾತ್ರವಲ್ಲದೆ ಮಾರುವವರಿಗೂ ಸಂಬಂಧಿಸಿದ್ದಾಗಿದೆ.

ಧ್ವನಿವ್ಯವಸ್ಥೆಯ ಆಯ್ಕೆ

ಮೊದಲು ವ್ಯಾಟ್‌ಗಳ ಲೆಕ್ಕವನ್ನು ಪರಿಶೀಲಿಸೋಣ. ಪೆಟ್ಟಿಗೆಯ ಮೇಲೆ ‘4 × 50 ವ್ಯಾಟ್’ ಎಂದು ದಪ್ಪ ಅಕ್ಷರಗಳಲ್ಲಿ ಮುದ್ರಿತವಾಗಿರುತ್ತದೆ. ಇಂಜಿನ್ ಚಾಲನೆಯಲ್ಲಿರುವಾಗ ಕಾರಿನ ವಿದ್ಯುತ್ ವ್ಯವಸ್ಥೆಯಲ್ಲಿ ದೊರೆಯುವುದು ಸುಮಾರು 14.4 ವೋಲ್ಟ್ ಮಾತ್ರ. ಸಾಮಾನ್ಯ 4 ಓಮ್ ಸ್ಪೀಕರಿಗೆ ಇಷ್ಟು ವೋಲ್ಟೇಜಿನಿಂದ ಶುದ್ಧ ಧ್ವನಿಯ ರೂಪದಲ್ಲಿ ಸಿಗಬಹುದಾದ ಶಕ್ತಿ, ಗಣಿತದ ಲೆಕ್ಕದಲ್ಲಿಯೇ, ಸುಮಾರು 26 ವ್ಯಾಟ್. ನಷ್ಟಗಳನ್ನು ಕಳೆದರೆ ಉಳಿಯುವುದು 15ರಿಂದ 20 ವ್ಯಾಟ್. ಪೆಟ್ಟಿಗೆಯ ಮೇಲಿನ ಸಂಖ್ಯೆ ಕ್ಷಣಮಾತ್ರದ ಗರಿಷ್ಠ ಶಕ್ತಿಯನ್ನು ಸೂಚಿಸುವುದೇ ಹೊರತು ನಿರಂತರವಾಗಿ ದೊರೆಯುವ ಶಕ್ತಿಯನ್ನಲ್ಲ. ಕೊಳ್ಳುವವರು ‘ಆರ್.ಎಂ.ಎಸ್.’ ಎಂದು ನಮೂದಿಸಿರುವ ಸಂಖ್ಯೆಯನ್ನೇ ಕೇಳಿ ಹೋಲಿಸುವುದು ಸೂಕ್ತ. ಅದಕ್ಕಿಂತ ಹೆಚ್ಚಿನ ಶಕ್ತಿ ಬೇಕೆನಿಸಿದಲ್ಲಿ ಪ್ರತ್ಯೇಕ ಆಂಪ್ಲಿಫೈಯರ್ ಅವಶ್ಯಕ. ಅದಕ್ಕೆ ಬ್ಯಾಟರಿಯಿಂದ ನೇರವಾಗಿ ಸೂಕ್ತ ದಪ್ಪದ ತಂತಿಯನ್ನು ಎಳೆದು, ಬ್ಯಾಟರಿಯ ಸಮೀಪದಲ್ಲಿಯೇ ಫ್ಯೂಸ್ ಅಳವಡಿಸಬೇಕು. ಫ್ಯೂಸ್ ಇಲ್ಲದ ತಂತಿಯ ಹೊದಿಕೆ ಎಲ್ಲಿಯಾದರೂ ಸವೆದು ಕಾರಿನ ಲೋಹದ ಮೈಗೆ ತಾಗಿದರೆ ಬೆಂಕಿ ಹೊತ್ತಿಕೊಳ್ಳುವ ಅಪಾಯವಿದೆ.

ಎರಡನೆಯದು ಅಳತೆ ಮತ್ತು ಜೋಡಣೆ. ಡ್ಯಾಶ್‌ಬೋರ್ಡಿನಲ್ಲಿ ಸಾಧನ ಕೂರುವ ಜಾಗಕ್ಕೆ ಎರಡು ಪ್ರಮಾಣಿತ ಅಳತೆಗಳಿವೆ: 180 × 50 ಮಿಲಿಮೀಟರ್‌ನ ಸಿಂಗಲ್ ಡಿನ್ ಮತ್ತು ಎತ್ತರದಲ್ಲಿ ಅದರ ಎರಡರಷ್ಟಿರುವ ಡಬಲ್ ಡಿನ್. ಹಳೆಯ ಕಾರಿಗೆ ಹೊಸ ಸಾಧನ ಅಳವಡಿಸುವವರು ಮೂಲ ತಂತಿಗಳನ್ನು ಕತ್ತರಿಸಿ ಟೇಪು ಸುತ್ತುವುದರ ಬದಲು ಆ ಮಾದರಿಗೆ ಹೊಂದುವ ಕಪ್ಲರ್ ಬಳಸುವಂತೆ ಮೆಕ್ಯಾನಿಕ್‌ಗೆ ಸ್ಪಷ್ಟವಾಗಿ ತಿಳಿಸಬೇಕು. ಮೂಲ ತಂತಿ ಕತ್ತರಿಸಿದ ಕಾರಿನಲ್ಲಿ ಮುಂದೆ ವಿದ್ಯುತ್ ದೋಷ ಕಾಣಿಸಿಕೊಂಡಾಗ ತಯಾರಕರ ವಾರಂಟಿ ವಿವಾದಕ್ಕೆ ಒಳಗಾಗುವ ಸಂಭವ ಹೆಚ್ಚು. ಕಪ್ಲರಿನ ಬೆಲೆ ಈ ವಿವಾದದ ಮುಂದೆ ಅತ್ಯಲ್ಪ.

ಮೂರನೆಯದು ಗುಂಡಿಗಳು. ದೊಡ್ಡ ಪರದೆ ನೋಡಲು ಆಕರ್ಷಕವಾದರೂ ಧ್ವನಿ ಹೆಚ್ಚಿಸಲು, ತಗ್ಗಿಸಲು ಪರದೆಯನ್ನೇ ನೋಡಬೇಕಾದ ಸಾಧನವು ಚಾಲಕನ ಕಣ್ಣನ್ನು ರಸ್ತೆಯಿಂದ ಕೀಳುತ್ತದೆ. ಕೈಯಿಂದ ತಡವಿ ಗುರುತಿಸಬಹುದಾದ ತಿರುಗುಗುಂಡಿ ಅಥವಾ ಸ್ಟಿಯರಿಂಗ್ ಮೇಲಿನ ಗುಂಡಿಗಳಿರುವ ಸಾಧನಕ್ಕೆ ಆದ್ಯತೆ ನೀಡುವುದು ಒಳಿತು. ಧ್ವನಿಯ ಮಟ್ಟದ ಬಗ್ಗೆಯೂ ಸರಳ ಪರೀಕ್ಷೆಯೊಂದಿದೆ: ಗಾಜು ಏರಿಸಿದ ಕಾರಿನಲ್ಲಿ ಹಿಂದಿನ ವಾಹನದ ಹಾರ್ನ್, ಆಂಬುಲೆನ್ಸಿನ ಸೈರನ್ ಸ್ಪಷ್ಟವಾಗಿ ಕೇಳಿಸದಿದ್ದಲ್ಲಿ ಸಂಗೀತದ ಮಟ್ಟ ಮಿತಿಮೀರಿದೆ ಎಂದೇ ಅರ್ಥ.

ದೂರವಾಣಿಯ ಜೋಡಣೆ

1998ರಲ್ಲಿ ಹಲವು ಸಂಸ್ಥೆಗಳು ಒಟ್ಟುಗೂಡಿ ರೂಪಿಸಲಾರಂಭಿಸಿದ ಬ್ಲೂಟೂತ್ ತಂತ್ರಜ್ಞಾನವು ದೂರವಾಣಿ ಮತ್ತು ಕಾರನ್ನು ತಂತಿಯಿಲ್ಲದೆ ಬೆಸೆಯಿತು. ಆಪಲ್ ಸಂಸ್ಥೆಯ ಕಾರ್‌ಪ್ಲೇ ಮತ್ತು ಗೂಗಲ್ ಸಂಸ್ಥೆಯ ಆಂಡ್ರಾಯ್ಡ್ ಆಟೊ 2014ರಲ್ಲಿ ಪ್ರಕಟಗೊಂಡ ನಂತರ ದೂರವಾಣಿಯಲ್ಲಿರುವ ನಕ್ಷೆ, ಕರೆ ಮತ್ತು ಸಂಗೀತ ಕಾರಿನ ಪರದೆಯ ಮೇಲೆಯೇ ದೊರೆಯುವಂತಾಯಿತು. ಸಾಧನ ಕೊಳ್ಳುವ ಮುನ್ನ ಅಂಗಡಿಯ ನಿಶ್ಶಬ್ದದಲ್ಲಿ ಪರೀಕ್ಷಿಸಿದರೆ ಸಾಲದು. ಸಾಧ್ಯವಾದರೆ ಅದೇ ಸಾಧನ ಅಳವಡಿಸಿದ ಕಾರಿನಲ್ಲಿ ಕುಳಿತು, ಹವಾನಿಯಂತ್ರಕ ಚಾಲೂ ಇರುವಾಗ ಕರೆ ಮಾಡಿ, ಆ ಬದಿಯವರಿಗೆ ಮಾತು ಕೇಳಿಸುತ್ತದೆಯೇ ಎಂದು ವಿಚಾರಿಸಬೇಕು. ಮೈಕ್ರೋಫೋನ್ ಸಾಧನದ ಮುಖದಲ್ಲಿಯೇ ಇದ್ದರೆ ಧ್ವನಿ ದುರ್ಬಲವಾಗುತ್ತದೆ. ಚಾಲಕನ ತಲೆಯ ಸಮೀಪ ಪ್ರತ್ಯೇಕವಾಗಿ ಅಳವಡಿಸಿದರೆ ಉತ್ತಮ. ಧ್ವನಿ ಆದೇಶದ ಸೌಲಭ್ಯವಿದ್ದಲ್ಲಿ ಪಟ್ಟಿಯಲ್ಲಿರುವ ಕನ್ನಡದ ಹೆಸರುಗಳನ್ನು ಅದು ಗುರುತಿಸುತ್ತದೆಯೇ ಎಂಬುದನ್ನು ಅಲ್ಲಿಯೇ ಪರೀಕ್ಷಿಸಬೇಕು. ಒಂದೇ ಹೆಸರನ್ನು ಮೂರು ಬಾರಿ ಕೂಗಿ ಹೇಳಬೇಕಾದ ಸೌಲಭ್ಯವು ಗಮನವನ್ನು ಉಳಿಸುವುದಕ್ಕಿಂತ ಹೆಚ್ಚಾಗಿ ಕೆಡಿಸುತ್ತದೆ.

ದೂರವಾಣಿಯನ್ನು ಸ್ಟ್ಯಾಂಡಿನಲ್ಲಿ ಇರಿಸುವವರು ಅದು ಏರ್‌ಬ್ಯಾಗ್ ತೆರೆದುಕೊಳ್ಳುವ ಜಾಗದಲ್ಲಿಯೂ ಚಾಲಕನ ದೃಷ್ಟಿಗೆ ಅಡ್ಡವಾಗಿಯೂ ಇರದಂತೆ ನೋಡಿಕೊಳ್ಳಬೇಕು. ಇನ್ನೊಂದು ಅಂಶವು ವ್ಯಾಪಾರಿಗಳಿಗೆ ವಿಶೇಷವಾಗಿ ಸಂಬಂಧಿಸಿದ್ದು. ಜೋಡಣೆಯಾದೊಡನೆ ಅನೇಕ ಸಾಧನಗಳು ದೂರವಾಣಿಯ ಹೆಸರು-ಸಂಖ್ಯೆಗಳ ಪಟ್ಟಿಯನ್ನು ಮತ್ತು ಕರೆಗಳ ವಿವರವನ್ನು ತಮ್ಮಲ್ಲಿ ನಕಲು ಮಾಡಿಕೊಳ್ಳುತ್ತವೆ. ಕಾರು ಮಾರುವಾಗ, ಬಾಡಿಗೆ ಕಾರನ್ನು ಹಿಂದಿರುಗಿಸುವಾಗ ಈ ಮಾಹಿತಿಯನ್ನು ಅಳಿಸದಿದ್ದರೆ ಗಿರಾಕಿಗಳ ಪಟ್ಟಿಯೇ ಪರರ ಕೈಸೇರುತ್ತದೆ.

ಕೈ ಬಿಡುವಾದರೆ ಸಾಕೇ?

ದೂರವಾಣಿಯನ್ನು ಕೈಯಲ್ಲಿ ಹಿಡಿಯದೆ ಮಾತನಾಡಿದರೆ ಅಪಾಯವಿಲ್ಲ ಎಂಬ ನಂಬಿಕೆ ವ್ಯಾಪಕವಾಗಿದೆ. ಸಂಶೋಧನೆಗಳು ಇದನ್ನು ಸಮರ್ಥಿಸುವುದಿಲ್ಲ. ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಪತ್ರಿಕೆಯಲ್ಲಿ 1997ರಲ್ಲಿ ಪ್ರಕಟವಾದ ರೆಡಲ್ಮಯರ್ ಮತ್ತು ಟಿಬ್ಶಿರಾನಿಯವರ ಅಧ್ಯಯನವು, ದೂರವಾಣಿಯಲ್ಲಿ ಮಾತನಾಡುವಾಗ ಡಿಕ್ಕಿಯ ಸಂಭವ ಸುಮಾರು ನಾಲ್ಕು ಪಟ್ಟು ಹೆಚ್ಚುತ್ತದೆ ಎಂದೂ, ಕೈಯಲ್ಲಿ ಹಿಡಿಯದ ಸಾಧನಗಳಿಂದ ಸುರಕ್ಷತೆಯ ಲಾಭ ಕಂಡುಬರಲಿಲ್ಲವೆಂದೂ ತಿಳಿಸಿತು. ಆಸ್ಟ್ರೇಲಿಯಾದ ಪರ್ತ್ ನಗರದಲ್ಲಿ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನವೂ ಇಂತಹುದೇ ನಿರ್ಣಯಕ್ಕೆ ಬಂದಿತು. ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿಯು 2011ರ ಡಿಸೆಂಬರ್‌ನಲ್ಲಿ, ಕೈಯಲ್ಲಿ ಹಿಡಿಯದ ಬಳಕೆಯನ್ನೂ ಒಳಗೊಂಡಂತೆ ಚಾಲಕರು ದೂರವಾಣಿ ಬಳಸುವುದನ್ನು ನಿಷೇಧಿಸಲು ಶಿಫಾರಸು ಮಾಡಿತು.

ಕಾರಣವನ್ನು ತಿಳಿಯುವುದು ಕಷ್ಟವೇನಲ್ಲ. ಪಕ್ಕದಲ್ಲಿ ಕುಳಿತವರು ಎದುರಿನಿಂದ ಲಾರಿ ಬಂದಾಗ ತಾವಾಗಿಯೇ ಮಾತು ನಿಲ್ಲಿಸುತ್ತಾರೆ. ದೂರವಾಣಿಯ ಆ ಬದಿಯಲ್ಲಿರುವವರಿಗೆ ಲಾರಿ ಕಾಣಿಸುವುದಿಲ್ಲ. ಅವರು ಬಾಕಿ ಹಣದ ಬಗ್ಗೆ ಪ್ರಶ್ನಿಸುತ್ತಲೇ ಇರುತ್ತಾರೆ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಕಾರು ಪ್ರತಿ ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ. 80 ಕಿಲೋಮೀಟರ್ ವೇಗದಲ್ಲಿ ಸಂದೇಶವೊಂದನ್ನು ಓದಲು 5 ಸೆಕೆಂಡು ತಗುಲಿದರೆ ಆ ಅವಧಿಯಲ್ಲಿ ಕಾರು ಕಣ್ಣಿಲ್ಲದೆ ಕ್ರಮಿಸುವ ದೂರ 110 ಮೀಟರ್‌ಗೂ ಅಧಿಕ.

ಕಾನೂನಿನ ನಿಲುವು

ಮೋಟಾರು ವಾಹನ ಅಧಿನಿಯಮ, 1988ರ 184ನೇ ಪ್ರಕರಣವು ಅಪಾಯಕಾರಿ ಚಾಲನೆಗೆ ಸಂಬಂಧಿಸಿದ್ದು. 2019ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯು, ಚಾಲನೆಯ ವೇಳೆ ಕೈಯಲ್ಲಿ ಹಿಡಿಯುವ ಸಂಪರ್ಕ ಸಾಧನ ಬಳಸುವುದನ್ನು ಈ ಪ್ರಕರಣದಲ್ಲಿ ಸ್ಪಷ್ಟವಾಗಿ ಸೇರಿಸಿತು. ಮೊದಲ ಅಪರಾಧಕ್ಕೆ 6 ತಿಂಗಳಿಂದ 1 ವರ್ಷದವರೆಗೆ ಕಾರಾಗೃಹ ವಾಸ ಅಥವಾ 1,000ದಿಂದ 5,000 ರೂಪಾಯಿಗಳವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಮೂರು ವರ್ಷಗಳೊಳಗೆ ಮರುಕಳಿಸಿದಲ್ಲಿ 2 ವರ್ಷಗಳವರೆಗೆ ಕಾರಾಗೃಹ ವಾಸ ಅಥವಾ 10,000 ರೂಪಾಯಿ ದಂಡ ಅಥವಾ ಎರಡನ್ನೂ ವಿಧಿಸಲು ಅವಕಾಶವಿದೆ. 2020ರ ಅಕ್ಟೋಬರ್ 1ರಿಂದ ಜಾರಿಯಾದ ನಿಯಮಾವಳಿ ತಿದ್ದುಪಡಿಯಂತೆ, ಚಾಲಕನ ಏಕಾಗ್ರತೆಗೆ ಭಂಗ ಬಾರದ ರೀತಿಯಲ್ಲಿ ಮಾರ್ಗ ತಿಳಿಯುವುದಕ್ಕೆ ಮಾತ್ರ ಇಂತಹ ಸಾಧನವನ್ನು ಬಳಸಬಹುದಾಗಿದೆ.

ಇಲ್ಲಿ ಮಾಲೀಕರು ಗಮನಿಸಬೇಕಾದ ಮತ್ತೊಂದು ಪ್ರಕರಣವಿದೆ. 188ನೇ ಪ್ರಕರಣದಂತೆ, ಅಪಾಯಕಾರಿ ಚಾಲನೆಗೆ ದುಷ್ಪ್ರೇರಣೆ ನೀಡಿದವರಿಗೂ ಆ ಅಪರಾಧಕ್ಕೆ ವಿಧಿಸಿದ ಶಿಕ್ಷೆಯೇ ಅನ್ವಯಿಸುತ್ತದೆ. ಚಾಲಕನು ವಾಹನ ಚಲಾಯಿಸುತ್ತಿರುವನೆಂದು ತಿಳಿದೂ, ಕರೆ ಸ್ವೀಕರಿಸಲೇಬೇಕೆಂದು ಒತ್ತಾಯಿಸುವ ಮಾಲೀಕ ಅಥವಾ ವ್ಯವಸ್ಥಾಪಕನ ಪಾತ್ರದ ಬಗ್ಗೆ ಪ್ರಶ್ನೆ ಏಳಬಹುದು. ನೌಕರನು ಕೆಲಸದ ನಿಮಿತ್ತ ವಾಹನ ಚಲಾಯಿಸುವಾಗ ಎಸಗಿದ ನಿರ್ಲಕ್ಷ್ಯಕ್ಕೆ ಪರಿಹಾರ ನೀಡುವ ಹೊಣೆ ಮಾಲೀಕನ ಮೇಲೂ ಬೀಳುವುದು ಸ್ಥಾಪಿತ ತತ್ತ್ವವಾಗಿದೆ. ಅಪಘಾತದ ಸಮಯ ಮತ್ತು ಕರೆಯ ಸಮಯ ಒಂದೇ ಆಗಿದ್ದರೆ, ದೂರವಾಣಿ ಸಂಸ್ಥೆಯ ದಾಖಲೆ ಅದನ್ನು ನಿಮಿಷದ ಲೆಕ್ಕದಲ್ಲಿ ತೋರಿಸುತ್ತದೆ.

ವಿಮೆ, ತೆರಿಗೆ ಮತ್ತು ಲೆಕ್ಕಪತ್ರ

ಕಾರಿನ ತಯಾರಕರು ಅಳವಡಿಸದೆ, ಹೊರಗಿನಿಂದ ಕೊಂಡು ಜೋಡಿಸಿದ ವಿದ್ಯುನ್ಮಾನ ಸಾಧನವು ವಾಹನ ವಿಮೆಯಲ್ಲಿ ತಾನಾಗಿಯೇ ಸೇರುವುದಿಲ್ಲ. ಅದರ ಮೌಲ್ಯವನ್ನು ಪ್ರತ್ಯೇಕವಾಗಿ ಘೋಷಿಸಿ ಹೆಚ್ಚುವರಿ ಪ್ರೀಮಿಯಂ ತೆರಬೇಕು. ಹಿಂದಿನ ಮೋಟಾರು ದರಪಟ್ಟಿಯಲ್ಲಿ ಇದಕ್ಕೆ ಸಾಧನದ ಮೌಲ್ಯದ ಶೇ. 4ರಷ್ಟು ದರ ನಿಗದಿಯಾಗಿತ್ತು. ಅದೇ ದರದ ಲೆಕ್ಕದಲ್ಲಿ 40,000 ರೂಪಾಯಿಯ ಸಾಧನಕ್ಕೆ ವರ್ಷಕ್ಕೆ 1,600 ರೂಪಾಯಿಯಾಗುತ್ತದೆ. ಇದನ್ನು ಉಳಿಸಲು ಹೋಗಿ, ಸಾಧನ ಕಳುವಾದ ಮೇಲೆ ಪೂರ್ಣ ಮೊತ್ತ ಕಳೆದುಕೊಳ್ಳುವುದು ಜಾಣತನವಲ್ಲ. ಖರೀದಿಯ ಬಿಲ್ಲನ್ನು ಜೋಪಾನವಾಗಿ ಇರಿಸಿಕೊಳ್ಳುವುದು ಕಡ್ಡಾಯ.

ಸರಕು ಮತ್ತು ಸೇವಾ ತೆರಿಗೆಯಲ್ಲಿ, ಚಾಲಕನೂ ಸೇರಿ 13ಕ್ಕಿಂತ ಹೆಚ್ಚು ಆಸನಗಳಿಲ್ಲದ ಪ್ರಯಾಣಿಕ ವಾಹನಗಳ ಮೇಲೆ ತೆತ್ತ ತೆರಿಗೆಯ ಇನ್‌ಪುಟ್ ಕ್ರೆಡಿಟ್ ಕೆಲವು ನಿರ್ದಿಷ್ಟ ವ್ಯವಹಾರಗಳನ್ನು ಹೊರತುಪಡಿಸಿ ದೊರೆಯುವುದಿಲ್ಲ. ಇಂತಹ ವಾಹನಗಳ ದುರಸ್ತಿ, ನಿರ್ವಹಣೆ ಮತ್ತು ವಿಮೆಗೂ ಇದೇ ನಿರ್ಬಂಧ ಅನ್ವಯಿಸುತ್ತದೆ. ಹೀಗಾಗಿ ಕಾರಿನೊಡನೆಯೇ ಬಂದ ಧ್ವನಿವ್ಯವಸ್ಥೆಯ ಮೇಲಿನ ತೆರಿಗೆಯೂ ವೆಚ್ಚದ ಭಾಗವಾಗಿಯೇ ಉಳಿಯುತ್ತದೆ. ಪ್ರತ್ಯೇಕವಾಗಿ ಕೊಂಡು ಅಳವಡಿಸಿದ ಸಾಧನದ ವಿಷಯದಲ್ಲಿ ಕ್ರೆಡಿಟ್ ಪಡೆಯುವ ಮುನ್ನ ತಮ್ಮ ಲೆಕ್ಕಪರಿಶೋಧಕರ ಸಲಹೆ ಪಡೆಯುವುದು ಕ್ಷೇಮ. ವ್ಯವಹಾರಕ್ಕೆಂದು ಸಂಸ್ಥೆಯ ಹೆಸರಿನ ಬಿಲ್ಲಿನಲ್ಲಿ ಕೊಂಡ ಮೊಬೈಲ್ ದೂರವಾಣಿಗೆ ಈ ನಿರ್ಬಂಧವಿಲ್ಲ. ಆದಾಯ ತೆರಿಗೆಯಲ್ಲಿ ಸ್ವಂತ ಬಳಕೆಯ ಕಾರಿನ ಮೇಲೆ ಶೇಷಮೌಲ್ಯದ ಶೇ. 15ರ ದರದಲ್ಲಿ ಸವಕಳಿ ದೊರೆಯುತ್ತದೆ. ಕಾರಿಗೆ ಹೊಸದಾಗಿ ಸೇರಿಸಿದ ಸಾಧನವನ್ನು ಸಾಮಾನ್ಯವಾಗಿ ಬಂಡವಾಳ ವೆಚ್ಚವೆಂದೂ, ಕೆಟ್ಟ ಸ್ಪೀಕರ್ ಬದಲಿಸಿದ್ದನ್ನು ದುರಸ್ತಿ ವೆಚ್ಚವೆಂದೂ ಪರಿಗಣಿಸಲಾಗುತ್ತದೆ. ಮನೆಯವರ ಬಳಕೆಗೆ ಸೇರುವ ಪಾಲನ್ನು ಕಳೆದು ತೋರಿಸಬೇಕು.

ಸಂಸ್ಥೆಗೊಂದು ನಿಯಮ

ಉತ್ತಮ ಸಾಧನವನ್ನು ಕೊಂಡ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಮಾಲು ಸಾಗಿಸುವ ವ್ಯಾನಿನ ಚಾಲಕನಿಗೆ ಗೋದಾಮಿನಿಂದ, ಕಚೇರಿಯಿಂದ, ಗಿರಾಕಿಯಿಂದ ಬರುವ ಕರೆಗಳನ್ನು ಒಂದು ದಿನ ಪಟ್ಟಿ ಮಾಡಿ ನೋಡಿದಲ್ಲಿ ಅವುಗಳಲ್ಲಿ ಹೆಚ್ಚಿನವು ‘ಎಲ್ಲಿದ್ದೀಯಪ್ಪ, ಇನ್ನೂ ಎಷ್ಟು ಹೊತ್ತು?’ ಎಂಬ ಒಂದೇ ಪ್ರಶ್ನೆಯಾಗಿರುವುದು ಕಂಡುಬರುತ್ತದೆ. ಈ ಪ್ರಶ್ನೆಗೆ ವಾಹನದ ಸ್ಥಾನ ತಿಳಿಸುವ ಜಿ.ಪಿ.ಎಸ್. ಸಾಧನವೇ ಉತ್ತರ ನೀಡಬಲ್ಲದು. ಚಾಲಕನು ಬಾಯಿ ತೆರೆಯುವ ಅವಶ್ಯಕತೆಯೇ ಇಲ್ಲ.

ಆದ್ದರಿಂದ ಪ್ರತಿಯೊಂದು ಸಂಸ್ಥೆಯೂ ಒಂದು ಪುಟದ ಲಿಖಿತ ನಿಯಮವನ್ನು ರೂಪಿಸಿಕೊಳ್ಳುವುದು ಅಪೇಕ್ಷಣೀಯ. ವಾಹನ ಚಲಿಸುತ್ತಿರುವಾಗ ಚಾಲಕನು ಕರೆ ಸ್ವೀಕರಿಸತಕ್ಕದ್ದಲ್ಲ. ಸುರಕ್ಷಿತ ಸ್ಥಳದಲ್ಲಿ ನಿಲ್ಲಿಸಿ ಮರಳಿ ಕರೆ ಮಾಡತಕ್ಕದ್ದು. ಗಂಟೆಗೊಮ್ಮೆ ಅಥವಾ ನಿಗದಿತ ಸ್ಥಳಗಳಲ್ಲಿ ನಿಲ್ಲಿಸಿ ಮಾತನಾಡಲು ಸಮಯಾವಕಾಶ ನೀಡತಕ್ಕದ್ದು. ಕಚೇರಿಯವರು ಕರೆ ಮಾಡಿದೊಡನೆ ‘ಗಾಡಿ ಓಡಿಸುತ್ತಿದ್ದೀರಾ?’ ಎಂದು ಕೇಳಿ, ಹೌದೆಂದಾದಲ್ಲಿ ಕರೆಯನ್ನು ಮುಗಿಸತಕ್ಕದ್ದು. ಮಾರ್ಗದ ನಕ್ಷೆಯನ್ನು ಹೊರಡುವ ಮುನ್ನವೇ ಹೊಂದಿಸಿಕೊಳ್ಳತಕ್ಕದ್ದು. ಕರೆ ಸ್ವೀಕರಿಸಲಿಲ್ಲವೆಂಬ ಕಾರಣಕ್ಕೆ ಯಾವ ಚಾಲಕನನ್ನೂ ಗದರಿಸತಕ್ಕದ್ದಲ್ಲ. ಈ ಕೊನೆಯ ನಿಯಮವನ್ನು ಪಾಲಿಸದಿದ್ದಲ್ಲಿ ಉಳಿದವು ಕಾಗದದ ಮೇಲೆ ಮಾತ್ರ ಉಳಿಯುತ್ತವೆ. ಏಕೆಂದರೆ ನೌಕರಿಯ ಭಯವಿರುವ ಚಾಲಕನು ಮಾಲೀಕನ ಹೆಸರು ಪರದೆಯಲ್ಲಿ ಮೂಡಿದೊಡನೆ ಯಾವುದೇ ತಿರುವಿನಲ್ಲಿದ್ದರೂ ಉತ್ತರಿಸಿಯೇ ತೀರುತ್ತಾನೆ.

ಪರಿಕರಗಳ ವ್ಯಾಪಾರದಲ್ಲಿರುವವರೂ ಮಾರಾಟದ ವೇಳೆ ಈ ಅಂಶಗಳನ್ನು ಗಿರಾಕಿಗಳಿಗೆ ತಿಳಿಸಿದಲ್ಲಿ ಅವರ ವಿಶ್ವಾಸ ವೃದ್ಧಿಯಾಗುವುದರಲ್ಲಿ ಸಂದೇಹವಿಲ್ಲ. ತಡವಾಗಿ ಸ್ವೀಕರಿಸಿದ ಕರೆಯಿಂದ ಒಂದು ವ್ಯವಹಾರ ಕೈತಪ್ಪಬಹುದು. ಅದನ್ನು ಮುಂದಿನ ತಿಂಗಳಲ್ಲಿ ಸರಿದೂಗಿಸಲು ಸಾಧ್ಯ. ಅಪಘಾತದಲ್ಲಿ ಹೋದ ಜೀವವನ್ನು ಯಾವ ವಿಮೆಯೂ ಹಿಂದಿರುಗಿಸುವುದಿಲ್ಲ. ಉದ್ಯಮಿಗಳು ಮುಂದಿನ ಸಾಧನವನ್ನು ಕೊಳ್ಳುವ ಮುನ್ನ ಈ ನಿಯಮವನ್ನು ಬರೆದು ತಮ್ಮ ಕಚೇರಿಯಲ್ಲಿಯೂ ವಾಹನದಲ್ಲಿಯೂ ಅಂಟಿಸುವುದು ಉಚಿತ.