ಸೈಕಲ್ ದಾರಿಯಲ್ಲಿ ಇತಿಹಾಸದ ಹೆಜ್ಜೆಗಳು: ಕನ್ಹೇರಿ, ವಸಯಿ, ಸೋಪಾರ

ಮುಂಬಯಿಯಲ್ಲಿ ನೆಲೆನಿಂತ ಕನ್ನಡಿಗರ ಮನೆಗಳಲ್ಲಿ ಇತಿಹಾಸವೆಂದರೆ ಊರಿಗೆ ಸಂಬಂಧಿಸಿದ ಮಾತು. ಬೇಸಗೆ ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಹೋಗಿ ಬಾದಾಮಿ, ಹಂಪಿ, ಬೇಲೂರು, ಕಾರ್ಕಳಗಳನ್ನು ತೋರಿಸುತ್ತೇವೆ. ಮರಳಿ ಬಂದ ಮೇಲೆ ಮತ್ತದೇ ಲೋಕಲ್ ರೈಲು, ಕಛೇರಿ, ಶಾಲೆ, ಟ್ಯೂಷನ್. ಆದರೆ ನಾವು ಬದುಕು ಕಟ್ಟಿಕೊಂಡಿರುವ ಈ ಉತ್ತರ ಕೊಂಕಣದ ನೆಲಕ್ಕೂ ಕನ್ನಡ ನಾಡಿಗೂ ಇರುವ ನಂಟು ಇಲ್ಲಿನ ಉಡುಪಿ ಹೋಟೆಲುಗಳಿಗಿಂತ ಸಾವಿರ ವರ್ಷಕ್ಕೂ ಹಳೆಯದು. ಐಹೊಳೆಯ ಮೇಗುತಿ ಬಸದಿಯಲ್ಲಿರುವ ಕ್ರಿ.ಶ. 634ರ ಶಾಸನದಲ್ಲಿ ಕವಿ ರವಿಕೀರ್ತಿಯು, ಇಮ್ಮಡಿ ಪುಲಕೇಶಿಯು ಕೊಂಕಣದ ಮೌರ್ಯರನ್ನು ಗೆದ್ದು ನೂರಾರು ನೌಕೆಗಳೊಡನೆ ಪುರಿ ಎಂಬ ಪಟ್ಟಣವನ್ನು ಮುತ್ತಿದ ವಿಚಾರವನ್ನು ಹೇಳಿದ್ದಾನೆ. ಆ ಪುರಿಯೇ ನಮ್ಮ ಘಾರಾಪುರಿ, ಅಂದರೆ ಎಲಿಫೆಂಟಾ, ಎಂಬುದು ಕೆಲವು ವಿದ್ವಾಂಸರ ಅಭಿಪ್ರಾಯ.

ಈ ನಂಟನ್ನು ಕಣ್ಣಾರೆ ಕಾಣಲು ಸೈಕಲ್ ಒಂದು ಉತ್ತಮ ಸಾಧನ. ಕಾರಿನಲ್ಲಿ ಹೋದರೆ ಕೋಟೆ ಕಾಣುತ್ತದೆ, ಕೋಟೆಗೆ ಹೋಗುವ ದಾರಿ ಕಾಣುವುದಿಲ್ಲ. ನಡೆದು ಹೋದರೆ ಒಂದು ದಿನದಲ್ಲಿ ಒಂದೇ ಸ್ಥಳ. ಸೈಕಲ್ ತುಳಿಯುತ್ತ ಹೋದರೆ ಭಾನುವಾರದ ಒಂದು ಮುಂಜಾವಿನಲ್ಲಿ ಮೂರು ನಾಲ್ಕು ಸ್ಥಳಗಳನ್ನು, ಅವುಗಳ ನಡುವಿನ ತೋಟ, ಕೆರೆ, ಬಾವಿ, ಹಳ್ಳಿಗಳ ಸಮೇತ ನೋಡಿ ಮಧ್ಯಾಹ್ನದ ಊಟಕ್ಕೆ ಮನೆ ಸೇರಬಹುದು. ಅಂತಹ ಮೂರು ದಾರಿಗಳನ್ನು ಇಲ್ಲಿ ಪರಿಚಯಿಸಲಾಗಿದೆ.

ಮೊದಲ ದಾರಿ: ಬೋರಿವಲಿಯಿಂದ ಕನ್ಹೇರಿ

ಹೊಸದಾಗಿ ಆರಂಭಿಸುವವರಿಗೂ ಮಕ್ಕಳಿಗೂ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನವನವೇ ಸೂಕ್ತ. ಬೋರಿವಲಿಯ ಮುಖ್ಯದ್ವಾರದಿಂದ ಕನ್ಹೇರಿ ಗುಹೆಗಳಿಗೆ ಆರೇಳು ಕಿಲೋಮೀಟರ್ ದೂರ. ದ್ವಾರದ ಬಳಿ ಸೈಕಲ್ ಬಾಡಿಗೆಗೂ ದೊರೆಯುತ್ತದೆ. ದಾರಿಯ ಕೊನೆಯ ಭಾಗದಲ್ಲಿ ಏರು ಹೆಚ್ಚು. ಅಲ್ಲಿ ಇಳಿದು ತಳ್ಳಿಕೊಂಡು ಹೋದರೆ ನಾಚಿಕೆಪಡಬೇಕಾಗಿಲ್ಲ. ಸೋಮವಾರ ಉದ್ಯಾನವನಕ್ಕೆ ರಜೆ.

ಕನ್ಹೇರಿ ಎಂಬುದು ಕೃಷ್ಣಗಿರಿ, ಅಂದರೆ ಕರಿಯ ಬೆಟ್ಟ, ಎಂಬ ಹೆಸರಿನ ರೂಪಾಂತರ. ಕಪ್ಪುಶಿಲೆಯಲ್ಲಿ ಕೊರೆದ ನೂರಕ್ಕೂ ಮಿಕ್ಕಿದ ಬೌದ್ಧ ಗುಹೆಗಳು ಇಲ್ಲಿವೆ. ಎಲ್ಲರೂ ನೋಡುವುದು ಮೂರನೆಯ ಗುಹೆಯ ಚೈತ್ಯವನ್ನೂ ಎತ್ತರದ ಬುದ್ಧ ವಿಗ್ರಹಗಳನ್ನೂ. ಕನ್ನಡಿಗರು ಅವಶ್ಯವಾಗಿ ನಿಂತು ನೋಡಬೇಕಾದುದು ದರ್ಬಾರ್ ಗುಹೆಯೆಂದು ಕರೆಯಲಾಗುವ 11ನೆಯ ಗುಹೆ. ಅಲ್ಲಿಯೂ ಸಮೀಪದ ಮತ್ತೊಂದು ಗುಹೆಯಲ್ಲಿಯೂ ಒಂಬತ್ತನೆಯ ಶತಮಾನದ ಸಂಸ್ಕೃತ ಶಾಸನಗಳಿವೆ. ಅವುಗಳಲ್ಲಿ ಮೊದಲನೆಯದು ಶಕ 765ರದು (ಕ್ರಿ.ಶ. 843), ಕೊನೆಯದು ಶಕ 799ರದು (ಕ್ರಿ.ಶ. 877). ಆಗ ಈ ಪ್ರದೇಶವನ್ನು ಆಳುತ್ತಿದ್ದವರು ಶಿಲಾಹಾರ ಮಾಂಡಲಿಕರಾದ ಪುಲ್ಲಶಕ್ತಿ ಹಾಗೂ ಕಪರ್ದಿ. ಅವರ ಮೇಲಿನ ಸಾರ್ವಭೌಮನೆಂದು ಶಾಸನಗಳು ಹೆಸರಿಸುವುದು ಮಾನ್ಯಖೇಟದ ಅಮೋಘವರ್ಷನನ್ನು. ‘ಕವಿರಾಜಮಾರ್ಗ’ವು ಯಾರ ಆಸ್ಥಾನದಲ್ಲಿ ರಚಿತವಾಯಿತೋ ಆ ನೃಪತುಂಗನೇ ಈತ. ದೂರದ ಗೌಡದೇಶದಿಂದ ಬಂದ ಭಕ್ತನೊಬ್ಬ ಭಿಕ್ಷುಗಳಿಗಾಗಿ ಇಲ್ಲಿ ದ್ರಮ್ಮಗಳನ್ನು ದತ್ತಿ ಬಿಟ್ಟ ವಿವರವೂ ಅವುಗಳಲ್ಲಿದೆ. ಕನ್ನಡದ ಅರಸನ ಆಳ್ವಿಕೆಯಲ್ಲಿ, ಕೊಂಕಣದ ಬೆಟ್ಟದಲ್ಲಿ, ಬಂಗಾಳದವನ ದಾನ! ಮುಂಬಯಿ ಮಹಾನಗರದ ಸ್ವಭಾವ ಅಂದೇ ಇತ್ತೆಂದು ತೋರುತ್ತದೆ. ಇದನ್ನು ಓದಿ ತಿಳಿಯುವ ಮುನ್ನ ನಾನು ಎರಡು ಬಾರಿ ಅದೇ ಗುಹೆಯ ಜಗಲಿಯಲ್ಲಿ ಕುಳಿತು ಅವಲಕ್ಕಿ ತಿಂದು ಬಂದಿದ್ದೆ.

ಎರಡನೆಯ ದಾರಿ: ವಸಯಿ, ಸೋಪಾರ, ಅರ್ನಾಳ

ಒಂದೇ ದಾರಿಗೆ ಸಮಯವಿರುವವರು ಇದನ್ನೇ ಆಯ್ದುಕೊಳ್ಳಬೇಕು. ವಸಯಿ ಕೋಟೆಯಿಂದ ಹೊರಟು ಗಿರಿಜ್, ನಿರ್ಮಳ, ಸೋಪಾರಗಳನ್ನು ಹಾದು ಅರ್ನಾಳ ಕಡಲತೀರ ತಲುಪಿ ವಿರಾರ್ ನಿಲ್ದಾಣದಲ್ಲಿ ಮುಗಿಸಿದರೆ ಸುಮಾರು 35 ಕಿಲೋಮೀಟರ್. ದಾರಿ ಬಹುಮಟ್ಟಿಗೆ ಸಮತಟ್ಟು.

ವಸಯಿ ತಲುಪಲು ಅಹಮದಾಬಾದ್ ಹೆದ್ದಾರಿಯಲ್ಲಿ ಸೈಕಲ್ ತುಳಿಯುವ ಸಾಹಸ ಬೇಡ. ಭಾರೀ ಟ್ರಕ್ಕುಗಳ ನಡುವೆ ಅದು ಅಪಾಯಕರ. 2024ರ ಫೆಬ್ರವರಿಯಲ್ಲಿ ಭಾಯಂದರ್ ಹಾಗೂ ವಸಯಿ ನಡುವೆ ರೋ-ರೋ ದೋಣಿ ಸೇವೆ ಆರಂಭಗೊಂಡಿದೆ. ವಾಹನಗಳನ್ನು ಒಯ್ಯುವ ಈ ದೋಣಿಯಿಂದ ಇಳಿದರೆ ಎದುರಿಗೇ ಕೋಟೆ. ಹೊರಡುವ ವೇಳೆಯನ್ನು ಮೊದಲೇ ವಿಚಾರಿಸಿಕೊಳ್ಳುವುದು ಕ್ಷೇಮ. ಲೋಕಲ್ ರೈಲಿನ ಲಗೇಜು ಡಬ್ಬಿಯಲ್ಲಿ ಒಯ್ಯುವುದಾದರೆ ಸೈಕಲ್ಲಿನ ಟಿಕೇಟಿನ ಬಗ್ಗೆ ನಿಲ್ದಾಣದಲ್ಲಿಯೇ ಕೇಳಿ ತಿಳಿಯಬೇಕು.

1534ರಲ್ಲಿ ಗುಜರಾತಿನ ಸುಲ್ತಾನ ಬಹಾದೂರ್ ಷಾ ಒಪ್ಪಂದದ ಮೂಲಕ ವಸಯಿಯನ್ನು ಪೋರ್ಚುಗೀಸರಿಗೆ ಬಿಟ್ಟುಕೊಟ್ಟನು. ಮುಂಬಯಿಯ ದ್ವೀಪಗಳು ಅದರೊಂದಿಗೆ ಸೇರಿಕೊಂಡು ಬಂದ ಬಾಲಂಗೋಚಿಯಷ್ಟೇ. ಅಂದು ವಸಯಿ ರಾಜಧಾನಿ, ಮುಂಬಯಿ ಅದರ ಅಧೀನದ ಬೆಸ್ತರ ಹಳ್ಳಿಗಳ ಗುಂಪು. ಹೊನ್ನಾವರ, ಬಸರೂರು, ಮಂಗಳೂರುಗಳಲ್ಲಿ ಕೋಟೆ ಕಟ್ಟಿ ನಮ್ಮ ಕರಾವಳಿಯ ಅಕ್ಕಿ, ಮೆಣಸಿನ ವ್ಯಾಪಾರವನ್ನು ಹಿಡಿತಕ್ಕೆ ತಂದುಕೊಳ್ಳಲು ಯತ್ನಿಸಿದವರೂ ಇವರೇ. 1739ರ ಮೇ ತಿಂಗಳಿನಲ್ಲಿ, ದೀರ್ಘಕಾಲದ ಮುತ್ತಿಗೆಯ ಬಳಿಕ, ಮರಾಠರ ಚಿಮಾಜಿ ಅಪ್ಪಾ ಕೋಟೆಯನ್ನು ಗೆದ್ದನು. 1802ರ ಡಿಸೆಂಬರ್ 31ರಂದು ಎರಡನೆಯ ಬಾಜೀರಾಯ ಇಂಗ್ಲಿಷರ ಒಪ್ಪಂದಕ್ಕೆ ಸಹಿ ಹಾಕಿದ್ದೂ ವಸಯಿಯಲ್ಲಿಯೇ. ಮಾಡಿಲ್ಲದ ಚರ್ಚುಗಳು, ನೆಲಕ್ಕೆ ಹಾಸಿದ ಗೋರಿಕಲ್ಲುಗಳು, ಭೂದ್ವಾರ, ಸಮುದ್ರದ್ವಾರ ಇವೆಲ್ಲವನ್ನೂ ನೋಡಲು ಎರಡು ಗಂಟೆಯಾದರೂ ಬೇಕು. ಶಿಥಿಲವಾದ ಗೋಡೆಗಳನ್ನು ಮಕ್ಕಳು ಏರದಂತೆ ನೋಡಿಕೊಳ್ಳಬೇಕು.

ಕೋಟೆಯಿಂದ ಉತ್ತರಕ್ಕೆ ಹೊರಟರೆ ವಸಯಿಯ ಹಸಿರು ಪಟ್ಟಿ ತೆರೆದುಕೊಳ್ಳುತ್ತದೆ. ಬಾಳೆ, ತೆಂಗು, ವೀಳ್ಯದೆಲೆ, ಹೂವಿನ ತೋಟಗಳು, ತೋಟಕ್ಕೊಂದು ಬಾವಿ. ಕುಂದಾಪುರ, ಅಂಕೋಲೆಗಳ ಕಡೆಯವರಿಗೆ ಊರಿಗೇ ಬಂದಂತೆನಿಸಿದರೆ ಆಶ್ಚರ್ಯವಿಲ್ಲ. ಇಲ್ಲಿಯ ಸಾಮವೇದಿ ಕ್ರೈಸ್ತ ಕೃಷಿಕರು ತಮ್ಮದೇ ಆದ ಆಡುಮಾತನ್ನು ಉಳಿಸಿಕೊಂಡು ಬಂದಿದ್ದಾರೆ. ವಯಸ್ಸಾದ ಹೆಂಗಸರು ಕೆಲವರು ಇಂದಿಗೂ ಕೆಂಪು ಸೀರೆಯನ್ನು ಸಾಂಪ್ರದಾಯಿಕ ರೀತಿಯಲ್ಲಿ ಉಡುತ್ತಾರೆ. ಈ ಹಸಿರನ್ನು ಕಟ್ಟಡ ವ್ಯವಹಾರದಿಂದ ಉಳಿಸಲು ನಡೆದ ಚಳುವಳಿಯ ಮುಂದಾಳುಗಳಲ್ಲಿ ಮರಾಠಿ ಲೇಖಕ ಫಾದರ್ ಫ್ರಾನ್ಸಿಸ್ ದಿಬ್ರಿಟೋ ಪ್ರಮುಖರು. 2020ರಲ್ಲಿ ಅಖಿಲ ಭಾರತ ಮರಾಠಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದ ಅವರು 2024ರಲ್ಲಿ ನಿಧನರಾದರು. 2009ರಲ್ಲಿ ವಸಯಿ-ವಿರಾರ್ ಮಹಾನಗರಪಾಲಿಕೆ ರೂಪುಗೊಂಡ ಬಳಿಕ ನಗರದ ಒತ್ತಡ ಕಡಿಮೆಯಾಗಿಲ್ಲ. ವಸಯಿ, ನಾಲಾಸೋಪಾರ, ವಿರಾರ್‌ಗಳ ಕಟ್ಟಡಗಳಲ್ಲಿ ಮನೆ ಮಾಡಿರುವವರಲ್ಲಿ ನಮ್ಮ ಕನ್ನಡಿಗರೂ ಸಾಕಷ್ಟು ಮಂದಿ ಇದ್ದೇವೆ ಎಂಬುದನ್ನು ಮರೆಯುವಂತಿಲ್ಲ.

ನಿರ್ಮಳದಲ್ಲಿ ವಿಶಾಲವಾದ ಕೆರೆಯಿದೆ, ಶಂಕರಾಚಾರ್ಯರ ಸಮಾಧಿಯೆಂದು ಪೂಜೆಗೊಳ್ಳುವ ಮಂದಿರವಿದೆ. ಕಾರ್ತಿಕ ಮಾಸದಲ್ಲಿ ದೊಡ್ಡ ಜಾತ್ರೆ ನಡೆಯುತ್ತದೆ. ಅಲ್ಲಿಂದ ಕೆಲವೇ ಕಿಲೋಮೀಟರ್ ಮುಂದೆ ಸೋಪಾರ, ಪುರಾತನ ಶೂರ್ಪಾರಕ. ಗ್ರೀಕ್ ನಾವಿಕರ ಬರಹಗಳಲ್ಲಿಯೂ ಹೆಸರು ಪಡೆದ ಬಂದರು ಇದು. ‘ಬುರುಡ ರಾಜಾಚೆ ಕೋಟ್’, ಅಂದರೆ ಮೇದಾರ ರಾಜನ ಕೋಟೆ, ಎಂದು ಸ್ಥಳೀಯರು ಕರೆಯುತ್ತಿದ್ದ ದಿಣ್ಣೆಯನ್ನು 1882ರಲ್ಲಿ ಪಂಡಿತ ಭಗವಾನಲಾಲ್ ಇಂದ್ರಜಿ ಅಗೆದು ನೋಡಿದಾಗ ದೊರೆತದ್ದು ಬೌದ್ಧ ಸ್ತೂಪ. ಅದರ ಒಡಲಲ್ಲಿದ್ದ ಕಲ್ಲಿನ ಕರಂಡಕದಲ್ಲಿ ಒಂದರೊಳಗೊಂದು ಇರಿಸಿದ ಭರಣಿಗಳು, ಚಿನ್ನದ ಹೂಗಳು, ಎಂಟು ಪುಟ್ಟ ಕಂಚಿನ ಬುದ್ಧರು ಇದ್ದರು. ಇವು ಮುಂಬಯಿಯ ಏಷಿಯಾಟಿಕ್ ಸೊಸೈಟಿಯ ಸಂಗ್ರಹ ಸೇರಿದವು. ಅದೇ ವರ್ಷ ಸೋಪಾರದಲ್ಲಿ ಅಶೋಕನ ಎಂಟನೆಯ ಶಿಲಾಶಾಸನದ ತುಣುಕೂ ಸಿಕ್ಕಿತು. 1956ರಲ್ಲಿ ಸಮೀಪದ ಭೂಯಿಗಾಂವ್‌ನಲ್ಲಿ ಒಂಬತ್ತನೆಯದರ ತುಣುಕು. ಮಸ್ಕಿ, ಸನ್ನತಿಗಳ ಅಶೋಕನ ಶಾಸನಗಳನ್ನು ಬಲ್ಲ ಕನ್ನಡಿಗರಿಗೆ ಈ ಸ್ಥಳ ಅನ್ಯವೆನಿಸಲಾರದು.

ಕೊನೆಯದಾಗಿ ಅರ್ನಾಳ. 1737ರಲ್ಲಿ ಮರಾಠರ ವಶವಾದ ಜಲದುರ್ಗ ಇಲ್ಲಿದೆ. ಸೈಕಲ್ಲನ್ನು ದಡದಲ್ಲಿಯೇ ಬಿಟ್ಟು ದೋಣಿಯಲ್ಲಿ ಹೋಗಿ ಬರಬೇಕು.

ಮೂರನೆಯ ದಾರಿ: ಅಂಬರನಾಥ

ಡೊಂಬಿವಲಿ, ಕಲ್ಯಾಣದ ಕನ್ನಡಿಗರಿಗೆ ಅಂಬರನಾಥ ಹತ್ತಿರ. ಶಕ 982ರ (ಕ್ರಿ.ಶ. 1060) ಶಾಸನವುಳ್ಳ ಇಲ್ಲಿಯ ಶಿವಾಲಯವು ಶಿಲಾಹಾರ ಮಾಮ್ವಾಣಿಯ ಕಾಲದ್ದು. ರಾಷ್ಟ್ರಕೂಟರ ಮಾಂಡಲಿಕರಾಗಿ ತಲೆಯೆತ್ತಿದ ಅದೇ ಮನೆತನ ಇನ್ನೂರು ವರ್ಷಗಳ ಬಳಿಕ ಕಟ್ಟಿದ ದೇಗುಲವಿದು. ಮೆಟ್ಟಿಲಿಳಿದು ಗರ್ಭಗುಡಿ ಪ್ರವೇಶಿಸಬೇಕಾದುದು ಇದರ ವಿಶೇಷ. ದರ್ಶನದ ಬಳಿಕ ಬದಲಾಪುರದ ಆಚೆ ಬಾರ್ವಿ ಅಣೆಕಟ್ಟಿನ ಕಡೆಗೆ ಹಳ್ಳಿದಾರಿ ಹಿಡಿಯಬಹುದು.

ಕೆಲವು ಸೂಚನೆಗಳು

ನವೆಂಬರ್‌ನಿಂದ ಫೆಬ್ರವರಿವರೆಗಿನ ಕಾಲ ಪ್ರಶಸ್ತ. ಬೆಳಕು ಹರಿಯುವ ಮುನ್ನ ಹೊರಡುವವರು ಮುಂದೆ ಬಿಳಿ, ಹಿಂದೆ ಕೆಂಪು ದೀಪ ಹಾಕಿಕೊಳ್ಳಬೇಕು. ಹೆಲ್ಮೆಟ್ ಕಡ್ಡಾಯವೆಂದೇ ಭಾವಿಸಬೇಕು. ಹೆಚ್ಚುವರಿ ಟ್ಯೂಬು, ಗಾಳಿಪಂಪು, ಪಂಕ್ಚರ್ ಸಾಮಗ್ರಿ, ನೀರು, ಬೆಲ್ಲ-ಕಡಲೆ ಜೊತೆಯಲ್ಲಿರಲಿ. ಮಕ್ಕಳನ್ನು ನಡುವೆ ಬಿಟ್ಟು ಹಿರಿಯರಿಬ್ಬರು ಮುಂದೊಬ್ಬರು ಹಿಂದೊಬ್ಬರಂತೆ ಸಾಗುವುದು ಒಳಿತು. ಗೇರಿನ ದುಬಾರಿ ಸೈಕಲ್ ಅನಿವಾರ್ಯವಲ್ಲ. ಬ್ರೇಕು ಸರಿಯಿರುವ ಯಾವ ಸೈಕಲ್ಲಾದರೂ ಸಾಕು.

ಕಳೆದ ಚಳಿಗಾಲದಲ್ಲಿ ನಿರ್ಮಳದ ಸಮೀಪ ನನ್ನ ಮಗಳ ಸೈಕಲ್ಲಿನ ಚೈನು ಕಳಚಿತು. ರಸ್ತೆ ಬದಿಯ ಮನೆಯಿಂದ ಕೆಂಪು ಸೀರೆಯ ಅಜ್ಜಿಯೊಬ್ಬರು ನೀರು ತಂದುಕೊಟ್ಟು, ಯಾವ ಊರಿನವರೆಂದು ಮರಾಠಿಯಲ್ಲಿ ವಿಚಾರಿಸಿದರು. ನಾನು ‘ಕುಂದಾಪುರ’ ಎಂದೆ. ಅದೇ ಉಸಿರಿನಲ್ಲಿ ಮಗಳು ‘ಬೋರಿವಲಿ’ ಎಂದಳು. ಅಜ್ಜಿ ನಕ್ಕುಬಿಟ್ಟರು. ಎರಡೂ ಉತ್ತರಗಳು ಸರಿಯೇ. ಆದರೆ ಬೋರಿವಲಿಯನ್ನು ತನ್ನ ಊರೆನ್ನುವ ಮಗುವಿಗೆ ಆ ಊರಿನ ಬೆಟ್ಟದ ಮೇಲೆ ನೃಪತುಂಗನ ಹೆಸರಿದೆ ಎಂದು ಹೇಳಬೇಕಾದ ಹೊಣೆ ನಮ್ಮದು. ನಾವು ಹೇಳದಿದ್ದರೆ ಬೇರಾರೂ ಹೇಳಲಾರರು.

ಸೋಪಾರದಲ್ಲಿ ಸಿಕ್ಕಿದ ಆ ಎಂಟನೆಯ ಶಾಸನದ ವಿಷಯವೂ ಪ್ರವಾಸವೇ. ಹಿಂದಿನ ಅರಸರು ಬೇಟೆ, ವಿನೋದಗಳಿಗಾಗಿ ವಿಹಾರಯಾತ್ರೆ ಹೊರಡುತ್ತಿದ್ದರು. ತಾನಾದರೋ ಹಿರಿಯರನ್ನು ಕಂಡು, ಗ್ರಾಮಾಂತರದ ಜನರನ್ನು ಭೇಟಿಯಾಗಿ ಮಾತನಾಡುವ ಧರ್ಮಯಾತ್ರೆಯನ್ನು ಆರಂಭಿಸಿದೆನೆಂದು ಅಶೋಕನು ಅದರಲ್ಲಿ ತಿಳಿಸುತ್ತಾನೆ. ನಮ್ಮ ಭಾನುವಾರದ ಸವಾರಿಗೂ ಇದು ಒಪ್ಪುವ ಮಾತು. ಕೋಟೆಯ ಮುಂದೆ ಚಿತ್ರ ತೆಗೆಸಿಕೊಂಡು ಹಿಂದಿರುಗುವುದಕ್ಕಿಂತ, ತೋಟದ ಬೇಲಿಯ ಬಳಿ ಸೈಕಲ್ ನಿಲ್ಲಿಸಿ ಅಲ್ಲಿಯವರೊಡನೆ ನಾಲ್ಕು ಮಾತನಾಡಿ, ಅವರು ಬೆಳೆದ ಬಾಳೆಗೊನೆಯಿಂದ ಒಂದು ಚಿಪ್ಪು ಕೊಂಡು ಬರೋಣ. ಆ ತೋಟಗಳು ಇರುವಷ್ಟು ಕಾಲವೇ ಈ ದಾರಿಗಳೂ ಇರುತ್ತವೆ.