ರಾತ್ರಿ ವಸ್ತಿ ಎಲ್ಲಿ?

ಹೋದ ಬೇಸಿಗೆಯ ಒಂದು ರವಿವಾರ ಸಂಜೆ ಜರ್ಮನಿಯಿಂದ ನನಗೊಂದು ಫೋನು ಬಂತು. ಸತ್ತಿಯಲ್ಲಿ ನನ್ನ ಕೈಯಲ್ಲಿ ವಿಜ್ಞಾನ ಕಲಿತು, ಈಗ ಅಲ್ಲಿ ಎಂಜಿನಿಯರ್ ಆಗಿರುವ ಹಳೆಯ ವಿದ್ಯಾರ್ಥಿ. "ಸರ್, ಹೆಂಡ್ತಿ ಮಕ್ಕಳನ್ನ ಕರಕೊಂಡು ಹತ್ತು ದಿನ ತಿರುಗಾಡಾಕ ಹೊಂಟೀನ್ರಿ. ಹೋಟೆಲ್ ಇಲ್ಲ, ಏನಿಲ್ಲ. ಮನೀನ ಗಾಲಿ ಮ್ಯಾಲೆ ಐತಿ" ಎಂದವನೇ ಬಾಡಿಗೆಗೆ ಪಡೆದ ಮೋಟರ್‌ಹೋಮ್‌ನ ಒಳಗನ್ನು ಮೊಬೈಲಿನಲ್ಲಿ ತೋರಿಸಿದ. ಹಾಸಿಗೆ, ಗ್ಯಾಸ್ ಒಲೆ, ಪಾತ್ರೆ ತೊಳೆಯುವ ನಳ, ಪುಟ್ಟ ಶೌಚಾಲಯ ಎಲ್ಲವೂ ಒಂದು ವ್ಯಾನಿನೊಳಗೆ!

ಪಕ್ಕದಲ್ಲಿ ಕುಳಿತಿದ್ದ ನನ್ನ ಅವ್ವನಿಗೆ ಎಂಬತ್ತು ದಾಟಿದೆ. ಆಕೆ ಗಾಡಿಯ ಬೆಲೆ ಕೇಳಲಿಲ್ಲ, ವೇಗ ಕೇಳಲಿಲ್ಲ. "ಚಲೋ ಐತಿ. ಖರೆ, ರಾತ್ರಿ ವಸ್ತಿ ಎಲ್ಲಿ ಮಾಡ್ತಾನಂತ? ನೀರ ಸಮೀಪ ಐತೇನ ಕೇಳು" ಎಂದಳು.

ಆತ ನಕ್ಕುಬಿಟ್ಟ. "ಆಯಿ ಸರಿಯಾಗೇ ಕೇಳಿದ್ರು ನೋಡ್ರಿ ಸರ್. ಮಧ್ಯಾಹ್ನ ಆತಂದ್ರ ನಮಗೂ ದಿನಾ ಅದೇ ಚಿಂತಿ!"

ಚಕ್ಕಡಿಯೇ ಮನೆ

ಅವ್ವನದು ಅನುಭವದ ಪ್ರಶ್ನೆ. 1980ರ ಸುಮಾರಿಗೆ, ನಾನು ಐದನೆಯ ಇಯತ್ತೆಯಲ್ಲಿದ್ದಾಗ, ಭಾರತ ಹುಣ್ಣಿಮೆಗೆ ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ನಮ್ಮ ಓಣಿಯಿಂದ ಆರು ಚಕ್ಕಡಿಗಳು ಹೊರಟಿದ್ದವು. ಬಿಸಿಲು ತಾಗದಂತೆ ಕೊಲ್ಲಾರಿ ಕಟ್ಟಿ, ಒಳಗೆ ಹುಲ್ಲು ಹಾಸಿ ಮೇಲೆ ಕೌದಿ ಹಾಕಿದರೆ ಅದೇ ನಮ್ಮ ಮಲಗುವ ಕೋಣೆ. ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ, ಒಂದು ಕಂದೀಲು, ಎತ್ತುಗಳಿಗೆ ಕಣಕಿ, ಬಾವಿಯಿಂದ ನೀರು ಸೇದಲು ಹಗ್ಗ ಮತ್ತು ಕೊಡ ಇವೇ ಸಾಮಾನು. ಕೃಷ್ಣೆ ದಾಟಿ, ಮೂಡಲಗಿ, ಯರಗಟ್ಟಿ ಮಾರ್ಗವಾಗಿ ಐದು ದಿನದ ಪಯಣ. ಗುಡ್ಡ ಹತ್ತುವ ಮೊದಲು ಜೋಗುಳಬಾವಿಯಲ್ಲಿ ಸ್ನಾನ. ಮೇಲೆ ಚಕ್ಕಡಿ ಬಿಟ್ಟ ಜಾಗದಲ್ಲೇ ಮೂರು ಕಲ್ಲು ಹೂಡಿ ಅಡಿಗೆ ಮಾಡಿ ಪಡ್ಡಲಗಿ ತುಂಬಿಸುವುದು.

ದಿನಕ್ಕೆ ಇಪ್ಪತ್ತೈದು ಕಿಲೋಮೀಟರ್ ಹೋದರೆ ಹೆಚ್ಚು. ಹೊತ್ತು ಇಳಿಯುವ ಮುಂಚೆಯೇ ಅಜ್ಜನ ಕಣ್ಣು ವಸ್ತಿಯ ಜಾಗ ಹುಡುಕುತ್ತಿತ್ತು. ಬಾವಿ ಅಥವಾ ಹಳ್ಳ ಹತ್ತಿರವಿರಬೇಕು. ನೆಲ ಗಟ್ಟಿಯಾಗಿ, ತುಸು ಎತ್ತರದಲ್ಲಿರಬೇಕು. ಎತ್ತು ಕಟ್ಟಲು ಮರವಿರಬೇಕು. ಎಲ್ಲಕ್ಕಿಂತ ಮೊದಲು ಹೊಲದವರ ಒಪ್ಪಿಗೆ ಬೇಕು. ಒಂದು ಎತ್ತು ದಿನಕ್ಕೆ 30ರಿಂದ 40 ಲೀಟರ್ ನೀರು ಕುಡಿಯುತ್ತದೆ. ಆರು ಜೋಡಿಗೆ ಎಷ್ಟಾಯಿತು? ಅಷ್ಟು ನೀರನ್ನು ಹೊತ್ತೊಯ್ಯುವುದು ಸಾಧ್ಯವಿಲ್ಲ. ಆದ್ದರಿಂದಲೇ ನೀರಿದ್ದಲ್ಲಿ ವಸ್ತಿ. ಕೊಳ್ಳ ಹರಿದು ಕೂಡ್ರಲು ಬೇಡ ಎಂದ ರೈತರನ್ನು ನಾನು ನೋಡಿದ ನೆನಪಿಲ್ಲ. ಎತ್ತಿನ ಸಗಣಿ ಅವರ ಹೊಲಕ್ಕೇ ಉಳಿಯುತ್ತಿತ್ತಲ್ಲ! ಇಂದಿಗೂ ನಮ್ಮ ಭಾಗದ ಕುರಿಗಾರರು ರಾತ್ರಿ ಹಿಂಡನ್ನು ಹೊಲದಲ್ಲಿ ನಿಲ್ಲಿಸಿದರೆ ಗೊಬ್ಬರದ ಲೆಕ್ಕಕ್ಕೆ ರೈತರೇ ಕಾಳನ್ನೋ ಹಣವನ್ನೋ ಕೊಡುತ್ತಾರೆ.

ಟಾಕಿಯ ಲೆಕ್ಕ, ಬ್ಯಾಟರಿಯ ಲೆಕ್ಕ

ಯುರೋಪಿನ ಈ ಗಾಲಿಮನೆಯೂ ಹುಟ್ಟಿದ್ದು ಚಕ್ಕಡಿಯಿಂದಲೇ. ನೌಕಾದಳದಲ್ಲಿ ವೈದ್ಯರಾಗಿದ್ದ ಸ್ಕಾಟ್ಲೆಂಡಿನ ಗೋರ್ಡನ್ ಸ್ಟೇಬಲ್ಸ್ 1885ರಲ್ಲಿ 'ವಾಂಡರರ್' ಎಂಬ ಬಂಡಿ ಮಾಡಿಸಿ, ಎರಡು ಕುದುರೆ ಹೂಡಿ ಇಂಗ್ಲೆಂಡಿನಿಂದ ಸ್ಕಾಟ್ಲೆಂಡಿನ ಇನ್ವರ್ನೆಸ್‌ವರೆಗೆ ಹೋದರು. ಜರ್ಮನಿಯ ಆರಿಸ್ಟ್ ಡೆಥ್ಲೆಫ್ಸ್ 1931ರಲ್ಲಿ ಕಾರಿನ ಹಿಂದೆ ಎಳೆದೊಯ್ಯುವ ಮನೆ ಕಟ್ಟಿದರು. 1950ರ ದಶಕದಲ್ಲಿ ಫೋಕ್ಸ್‌ವ್ಯಾಗನ್ ವ್ಯಾನುಗಳೇ ಮನೆಗಳಾದವು.

ಆದರೆ ಗಾಡಿ ಎಷ್ಟೇ ಆಧುನಿಕವಾಗಲಿ, ಅದರ ಸಂಸಾರ ಮೂರು ಲೆಕ್ಕಗಳ ಮೇಲೆ ನಿಂತಿದೆ. ಮೊದಲನೆಯದು ನೀರು. ಸಾಮಾನ್ಯವಾಗಿ ಟಾಕಿ ಸುಮಾರು 100 ಲೀಟರಿನದು. ನಾಲ್ವರು ತಲಾ 15 ಲೀಟರಿನಲ್ಲಿ ಸ್ನಾನ ಮಾಡಿದರೆ 60 ಲೀಟರ್ ಹೋಯಿತು. ಅಡಿಗೆ, ಪಾತ್ರೆಗೂ ಖರ್ಚಾದರೆ ಮರುದಿನ ಮತ್ತೆ ನೀರಿಗೆ ಹುಡುಕಾಟ.

ಎರಡನೆಯದು ವಿದ್ಯುತ್ತು. 12 ವೋಲ್ಟಿನ, 100 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ 1200 ವ್ಯಾಟ್-ಗಂಟೆ ಶಕ್ತಿ ಇರುತ್ತದೆ. ಸೀಸ-ಆಮ್ಲದ ಬ್ಯಾಟರಿ ಬಾಳಿಕೆ ಬರಬೇಕಾದರೆ ಅರ್ಧಕ್ಕಿಂತ ಹೆಚ್ಚು ಬಳಸಬಾರದು. ಅಂದರೆ ಕೈಗೆ ಸಿಗುವುದು 600. ಇದರಲ್ಲಿ 10 ವ್ಯಾಟಿನ ದೀಪ 60 ಗಂಟೆ ಉರಿಯುತ್ತದೆ. 1000 ವ್ಯಾಟಿನ ಹೀಟರ್ ಎಷ್ಟು ಹೊತ್ತು? ವಿದ್ಯಾರ್ಥಿಗಳೇ, ಮಾಡಿ ನೋಡಿ: 36 ನಿಮಿಷ ಮಾತ್ರ.

ಮೂರನೆಯದು ಹೊಲಸು. ಪಾತ್ರೆ ತೊಳೆದ, ಸ್ನಾನದ ನೀರು ಒಂದು ಟಾಕಿಗೆ; ಶೌಚದ್ದು ಸುಮಾರು 20 ಲೀಟರಿನ ಬೇರೊಂದು ಡಬ್ಬಿಗೆ. ಎರಡನ್ನೂ ಕಂಡಲ್ಲಿ ಚೆಲ್ಲುವಂತಿಲ್ಲ. ಹಳ್ಳಕ್ಕೆ ಸೇರಿದರೆ ರೋಗಾಣುಗಳು ಹರಡುತ್ತವೆ. ಪಾಚಿ ಹೆಚ್ಚಿ, ಕೊನೆಗೆ ನೀರಿನ ಆಮ್ಲಜನಕ ಕಡಿಮೆಯಾಗಿ ಮೀನು ಸಾಯುತ್ತವೆ.

ಈ ಮೂರಕ್ಕೂ ಉತ್ತರವೇ ಅಲ್ಲಿಯ ಕ್ಯಾಂಪ್‌ಸೈಟ್. ಗಾಡಿ ನಿಲ್ಲಲು ಗುರುತು ಮಾಡಿದ ಜಾಗ, ಕುಡಿಯುವ ನೀರಿನ ನಳ, 230 ವೋಲ್ಟಿನ ವಿದ್ಯುತ್ ಕಂಬ, ಹೊಲಸು ಸುರಿಯಲು ಚರಂಡಿ. ದೊಡ್ಡ ಸೌಕರ್ಯ ಬೇಡವೆಂದರೆ ಜರ್ಮನಿಯಲ್ಲಿ 'ಸ್ಟೆಲ್‌ಪ್ಲಾಟ್ಸ್', ಫ್ರಾನ್ಸಿನಲ್ಲಿ 'ಏರ್' ಎಂಬ ಸರಳ ತಾಣಗಳಿವೆ. ಅನೇಕ ಕಡೆ ಸಣ್ಣ ಊರಿನ ಪುರಸಭೆಗಳೇ ಇವನ್ನು ಮಾಡಿವೆ. ಬಂದವರು ಊರಿನಲ್ಲಿ ರೊಟ್ಟಿ, ತರಕಾರಿ ಕೊಳ್ಳುತ್ತಾರೆ ಎಂಬ ಲೆಕ್ಕ ಅವರದು. ಜರ್ಮನಿಯಲ್ಲಿ ದಣಿದ ಚಾಲಕ ರಸ್ತೆ ಬದಿ ಒಂದು ರಾತ್ರಿ ಗಾಡಿಯಲ್ಲಿ ಮಲಗಿದರೆ ನಡೆಯುತ್ತದೆ. ಹೊರಗೆ ಕುರ್ಚಿ ಮೇಜು ಹಾಕಿ ಸಂಸಾರ ಹೂಡುವಂತಿಲ್ಲ. ನಮ್ಮಲ್ಲೂ 2021ರಲ್ಲಿ ಕೇರಳ ಸರಕಾರ ಇಂಥ ಕ್ಯಾರವಾನ್ ಪ್ರವಾಸಕ್ಕಾಗಿ ನೀತಿಯೊಂದನ್ನು ತಂದಿತು.

ನಮ್ಮ ಊರಿನ ವಸ್ತಿಗಳು

ಇದನ್ನೆಲ್ಲ ಕೇಳುತ್ತಿದ್ದಾಗ ನನಗೆ ಒಬ್ಬ ಹುಡುಗ ನೆನಪಾದ. ದೀಪಾವಳಿ ಮುಗಿದೊಡನೆ ಅಥಣಿ, ರಾಯಬಾಗ, ಕಾಗವಾಡದ ಕಡೆಗೆ ಕಬ್ಬು ಕಡಿಯುವ ಗ್ಯಾಂಗುಗಳು ಬರುತ್ತವೆ. ಮಹಾರಾಷ್ಟ್ರದ ಬೀಡ್ ಜಿಲ್ಲೆಯವರುಂಟು, ವಿಜಯಪುರದ ಕಡೆಯವರೂ ಉಂಟು. ಚಕ್ಕಡಿ ಇಲ್ಲವೆ ಟ್ರ್ಯಾಕ್ಟರ್ ಟ್ರೇಲರಿನಲ್ಲಿ ಇಡೀ ಸಂಸಾರ. ಹೊಲದ ಬದಿ ಟಾರ್ಪಾಲಿನ ಗುಡಿಸಲು. ಮೂರು ನಾಲ್ಕು ತಿಂಗಳು ಅದೇ ಮನೆ.

ಕೆಲವು ವರ್ಷಗಳ ಹಿಂದೆ ಅಂಥ ಒಂದು ಮನೆಯ ಹುಡುಗ ನನ್ನ ಎಂಟನೆಯ ತರಗತಿಗೆ ಬಂದ. ದಿನವೂ ತೂಕಡಿಸುತ್ತಿದ್ದ. ಬಟ್ಟೆ ಕೊಳೆ, ಮುಖ ತೊಳೆದಿರುತ್ತಿರಲಿಲ್ಲ. ಒಂದು ದಿನ ನೈರ್ಮಲ್ಯದ ಪಾಠ ಮಾಡುತ್ತ ಎಲ್ಲರೆದುರು ಅವನನ್ನು ಎಬ್ಬಿಸಿ ನಿಲ್ಲಿಸಿ, "ಮಾರಿ ತೊಳಕೊಳ್ಳಾಕೂ ಬರೂದಿಲ್ಲೇನ?" ಎಂದೆ. ಹುಡುಗರು ನಕ್ಕರು. ಮರುದಿನ ಅವನು ಬರಲಿಲ್ಲ. ಅದರ ಮರುದಿನವೂ ಇಲ್ಲ.

ಮೂರನೆಯ ದಿನ ಸೈಕಲ್ ಹತ್ತಿ ಹುಡುಕಿಕೊಂಡು ಹೋದೆ. ಹತ್ತು ಗುಡಿಸಲು. ಹತ್ತಿರದ ಬೋರ್‌ವೆಲ್ ಅರ್ಧ ಕಿಲೋಮೀಟರ್ ಆಚೆ. ಪಂಪ್‌ಸೆಟ್ಟಿಗೆ ತ್ರೀ ಫೇಜ್ ಕರೆಂಟು ಬರುವುದು ಅಪರಾತ್ರಿಯಲ್ಲಿ. ಬೆಳಗಿನ ಜಾವ ಕಬ್ಬಿಗೆ ಹೋಗುವ ತಾಯಿಗೆ ನಿದ್ದೆ ಕೆಡದಿರಲಿ ಎಂದು ಈ ಹುಡುಗನೇ ಎದ್ದು ಕೊಡಗಳನ್ನು ತುಂಬುತ್ತಿದ್ದ. ಆ ನೀರು ಅಡಿಗೆಗೆ, ಕುಡಿಯಲಿಕ್ಕೆ, ಎತ್ತುಗಳಿಗೆ. ಮುಖ ತೊಳೆಯುವ ಸರದಿ ಬರುತ್ತಲೇ ಇರಲಿಲ್ಲ. "ಸರ್, ನಾಳಿಂದ ಬರ್ತೇನ್ರಿ" ಎಂದು ಅವನೇ ಮೊದಲು ಹೇಳಿದ. ನನಗೆ ಮಾತು ಹೊರಡಲಿಲ್ಲ. ಐದು ದಿನ ಚಕ್ಕಡಿಯಲ್ಲಿ ಪ್ರಯಾಣ ಮಾಡಿದವನು ನಾನು, ಆ ಪ್ರಶ್ನೆಯನ್ನು ಕೇಳಿರಲಿಲ್ಲ.

ಹೊಲದ ಯಜಮಾನರಿಗೆ ಹೇಳಿದೆ. ಅವರೇನೂ ಕೆಟ್ಟವರಲ್ಲ, ಯಾರೂ ಕೇಳಿರಲಿಲ್ಲ, ಅಷ್ಟೆ. ಗುಡಿಸಲುಗಳ ಹತ್ತಿರ ಎರಡು ದೊಡ್ಡ ಬ್ಯಾರಲ್ ಇರಿಸಿ, ಪೈಪು ಎಳೆಸಿದರು. ಕರೆಂಟು ಬಂದಾಗ ತಾವಾಗಿಯೇ ತುಂಬುತ್ತಿದ್ದವು. ವಾರದೊಳಗೆ ಹುಡುಗನ ತೂಕಡಿಕೆ ನಿಂತಿತು. ಬೆಳಕಿನ ವಕ್ರೀಭವನ ಹೇಳಿಕೊಟ್ಟಾಗ ನೀರಿನ ಲೋಟದಲ್ಲಿ ಪೆನ್ಸಿಲ್ ಏಕೆ ಬಾಗುತ್ತದೆಂದು ಮೊದಲು ಉತ್ತರಿಸಿದವನು ಅವನೇ. ಹಂಗಾಮು ಮುಗಿದು ಹೊರಟಾಗ ಪರೀಕ್ಷೆಗೆ ಇನ್ನೂ ದಿನಗಳಿದ್ದವು. "ಊರಾಗ ಬರೀತಾನ್ರಿ ಸರ್" ಎಂದು ಅವನಪ್ಪ ಕೈ ಮುಗಿದರು.

ಪಾಲಕರು ಒಂದು ಮಾತು ತಿಳಿದಿರಬೇಕು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 6ರಿಂದ 14 ವರ್ಷದ ಮಗು ಊರು ಬದಲಿಸಿದರೆ ಬೇರೆ ಸರಕಾರಿ ಶಾಲೆಗೆ ಸೇರಬಹುದು. ವರ್ಗಾವಣೆ ಪತ್ರ ತಡವಾಯಿತೆಂದು ಪ್ರವೇಶ ನಿರಾಕರಿಸುವಂತಿಲ್ಲ. ಆದರೆ ಕಾಯ್ದೆ ಶಾಲೆಯ ಬಾಗಿಲು ತೆರೆಯಬಹುದು, ಕೊಡ ತುಂಬಲಾರದು. ಅದು ವಸ್ತಿಯ ಜಾಗ ಕೊಟ್ಟ ಊರಿನ ಕೆಲಸ.

ಆ ಹುಡುಗ ಹೋದಂದಿನಿಂದ ನನ್ನದೊಂದು ರೂಢಿ. ಗ್ಯಾಂಗಿನ ಮಕ್ಕಳು ತರಗತಿಗೆ ಬಂದಾಗ ಮೊದಲು ಹೆಸರು ಕೇಳುತ್ತೇನೆ. ಎರಡನೆಯದು ಅವ್ವ ಕೇಳಿದ ಪ್ರಶ್ನೆ.