ಬಿಸಿಲಿನ ಬೇಗೆ: ದಣಿವು ಯಾವುದು, ಅಪಾಯ ಯಾವುದು?

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲೂಕುಗಳಲ್ಲಿ ಜಾತ್ರೆ, ಮದುವೆಗಳು ನಡೆಯುವುದೂ ಉದ್ಯೋಗ ಖಾತ್ರಿಯ ಕೆಲಸ ಸಾಗುವುದೂ ಬಿರುಬೇಸಿಗೆಯಲ್ಲಿಯೇ. ಆದುದರಿಂದ ಬಿಸಿಲಿನ ದಣಿವಿಗೂ ಉಷ್ಣಾಘಾತಕ್ಕೂ ಇರುವ ಅಂತರವನ್ನು ಸದ್ಭಕ್ತರೆಲ್ಲರೂ ಅರಿತಿರಬೇಕು.

ಬೆವರು ಆರುವಾಗ ಮೈಯ ಶಾಖವನ್ನು ಒಯ್ಯುತ್ತದೆ. ಅದರೊಡನೆ ನೀರೂ ಉಪ್ಪೂ ಕಳೆದು ತಲೆಸುತ್ತು, ಸ್ನಾಯುಸೆಳೆತ, ವಾಕರಿಕೆ ಉಂಟಾದರೆ ಅದು ದಣಿವು. ನೆರಳಿನಲ್ಲಿ ವಿಶ್ರಮಿಸಿ, ಉಪ್ಪು ಬೆರೆಸಿದ ಮಜ್ಜಿಗೆಯನ್ನಾಗಲಿ, 1 ಲೀಟರ್ ಶುದ್ಧ ನೀರಿಗೆ 6 ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು ಕರಗಿಸಿದ ನೀರನ್ನಾಗಲಿ ಗುಟುಕು ಗುಟುಕಾಗಿ ಸೇವಿಸಿದರೆ ಸಾಮಾನ್ಯವಾಗಿ ಶಮನವಾಗುವುದು.

ಮಾತು ತೊದಲಿದರೆ, ಬುದ್ಧಿ ಗೊಂದಲಗೊಂಡರೆ, ಎಚ್ಚರ ತಪ್ಪಿದರೆ ಅದನ್ನು ಉಷ್ಣಾಘಾತವೆಂದೇ ತಿಳಿಯಬೇಕು. ಆಗ ಮೈಯೊಳಗಿನ ಶಾಖ ಸಾಮಾನ್ಯವಾಗಿ 40 ಡಿಗ್ರಿ ಸೆಲ್ಸಿಯಸ್ ಮೀರಿರುತ್ತದೆ. ಬೆವರುತ್ತಿರುವವರಿಗೂ ಇದು ಬರಬಹುದು. ಕೂಡಲೇ 108ಕ್ಕೆ ಕರೆ ಮಾಡಿರಿ. ವಾಹನ ಬರುವವರೆಗೆ ಸುಮ್ಮನೆ ಕಾಯದೆ, ನೆರಳಿಗೆ ಒಯ್ದು, ಮೈಮೇಲೆ ತಣ್ಣೀರು ಸುರಿದು ಗಾಳಿ ಬೀಸಿರಿ. ಕುತ್ತಿಗೆ, ಕಂಕುಳು, ತೊಡೆಸಂದುಗಳಿಗೆ ತಣ್ಣೀರಿನ ಬಟ್ಟೆ ಇಡಿರಿ. ಎಚ್ಚರವಿಲ್ಲದವರ ಬಾಯಿಗೆ ಏನನ್ನೂ ಹಾಕಬಾರದು; ಅದು ಶ್ವಾಸಕೋಶವನ್ನು ಸೇರೀತು.

ಕಾಯಕಕ್ಕೆ ಬೆಳಗಿನ ತಂಪು ಲೇಸು. ಮಧ್ಯಾಹ್ನ 12ರಿಂದ 3ರವರೆಗೆ ವಿಶ್ರಾಂತಿಯಿರಲಿ. ವೃದ್ಧರಿಗೆ ಬಾಯಾರಿಕೆ ಬೇಗನೆ ತಿಳಿಯದು. ಅವರು ಕೇಳುವ ಮುನ್ನವೇ ನೀರು ಕೊಡಿರಿ. ಜಾತ್ರೆಯ ಅರವಟಿಗೆಯಲ್ಲಿ ನೀರಿನೊಂದಿಗೆ ನೆರಳೂ, ಈ ಲಕ್ಷಣಗಳನ್ನು ಗುರುತಿಸಬಲ್ಲ ಒಬ್ಬ ಸೇವಕರೂ ಇದ್ದರೆ ಅದು ಜೀವ ಉಳಿಸುವ ದಾಸೋಹವಾಗುತ್ತದೆ.